ಕಾರ್ಯಕ್ಷೇತ್ರದಲ್ಲಿ ಭಾವನಾತ್ಮಕ ಬುದ್ಧಿಮತ್ತೆ



ಉದ್ಯೋಗದಲ್ಲಿ ಯಶಸ್ಸು ಗಳಿಸಲು ವಿದ್ಯೆ ಹಾಗೂ ಅನುಭವಗಳು ಅವಶ್ಯಕವೆಂಬುದು ಸರ್ವರೂ ಒಪ್ಪುವ ಮಾತು. ಆದರೆ ಅವೆರಡೂ ಇದ್ದಲ್ಲಿಯೇ ಕಾರ್ಯ ಕೆಡುವುದೂ ಉಂಟು. ತನ್ನ ಉದ್ವೇಗವನ್ನು ಅರಿತು ಹತೋಟಿಯಲ್ಲಿಡುವ, ಇತರರ ಮನಸ್ಸನ್ನು ತಿಳಿದು ವರ್ತಿಸುವ ಸಾಮರ್ಥ್ಯವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಅವರು 1990ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂದು ವಿವರಿಸಿದರು. 1995ರಲ್ಲಿ ಪ್ರಕಟವಾದ ಡೇನಿಯಲ್ ಗೋಲ್‌ಮನ್ ಅವರ ಗ್ರಂಥದಿಂದ ಅದು ಜನಸಾಮಾನ್ಯರಿಗೂ ಪರಿಚಿತವಾಯಿತು. ಅದರ ಅಭಾವ ಎಷ್ಟು ಅನರ್ಥಕಾರಿ ಎಂಬುದನ್ನು ಅದಕ್ಕೂ ಮೊದಲೇ ನಡೆದ ಒಂದು ದುರಂತ ತೋರಿಸಿಕೊಟ್ಟಿತ್ತು.

1978ರ ಡಿಸೆಂಬರ್ 28ರ ಸಂಜೆ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಡಿಸಿ-8 ವಿಮಾನವು 189 ಜನರೊಡನೆ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರವನ್ನು ಸಮೀಪಿಸುತ್ತಿತ್ತು. ಚಕ್ರಗಳನ್ನು ಇಳಿಸುವಾಗ ಭಾರಿ ಸದ್ದಾಯಿತು. ಚಕ್ರಗಳು ಭದ್ರವಾಗಿವೆಯೇ ಎಂಬ ಸಂಶಯದಿಂದ ಕ್ಯಾಪ್ಟನ್ ವಿಮಾನವನ್ನು ಸುಮಾರು ಒಂದು ಗಂಟೆ ಕಾಲ ಆಕಾಶದಲ್ಲಿಯೇ ಸುತ್ತಿಸಿದರು. ಅವರಿಗೆ 27,000 ಗಂಟೆಗಳಿಗೂ ಮೀರಿದ ಹಾರಾಟದ ಅನುಭವವಿತ್ತು. ಆದರೆ ಚಕ್ರಗಳ ಚಿಂತೆಯೊಂದರಲ್ಲೇ ಮುಳುಗಿದ್ದ ಮನಸ್ಸಿಗೆ ಇಂಧನ ಮುಗಿಯುತ್ತಿರುವುದು ನಾಟಲಿಲ್ಲ. ಫ್ಲೈಟ್ ಇಂಜಿನಿಯರ್ ಇಂಧನದ ಕೊರತೆಯನ್ನು ತಿಳಿಸಿದ್ದರು, ಒತ್ತಿ ಹೇಳಲಿಲ್ಲ. ಕೊನೆಗೆ ಇಂಜಿನ್‌ಗಳು ಸ್ಥಗಿತಗೊಂಡು, ನಿಲ್ದಾಣ ತಲುಪುವ ಮುನ್ನವೇ ವಿಮಾನವು ನೆಲಕ್ಕಪ್ಪಳಿಸಿತು. ಮೃತರಾದ 10 ಜನರಲ್ಲಿ ಆ ಇಂಜಿನಿಯರೂ ಒಬ್ಬರು.

ಸಹೋದ್ಯೋಗಿಗಳ ಸೂಚನೆಗೆ ಕ್ಯಾಪ್ಟನ್ ತಕ್ಕಂತೆ ಸ್ಪಂದಿಸಲಿಲ್ಲವೆಂದೂ, ಉಳಿದವರು ತಮ್ಮ ಕಳವಳವನ್ನು ಮನಮುಟ್ಟುವಂತೆ ತಿಳಿಸಲಿಲ್ಲವೆಂದೂ ತನಿಖಾ ಮಂಡಳಿ ಗುರುತಿಸಿತು. ಹಿರಿಯರಿಗೆ ಆಲಿಸುವ, ಕಿರಿಯರಿಗೆ ನಿರ್ಭಯವಾಗಿ ಹೇಳುವ ತರಬೇತಿಯನ್ನು ಅದೇ ಸಂಸ್ಥೆ 1981ರಲ್ಲಿ ಆರಂಭಿಸಿತು. ಇಂದು ಭಾರತದಲ್ಲಿಯೂ ವಿಮಾನ ಸಿಬ್ಬಂದಿಗೆ ಇಂತಹ ತರಬೇತಿ ಕಡ್ಡಾಯವಾಗಿದೆ.

ಕಾರ್ಖಾನೆಯಾಗಲಿ, ಕಚೇರಿಯಾಗಲಿ, ಈ ಪಾಠ ಒಂದೇ. ಅಧಿಕಾರಿಯ ಮುಖಭಾವ ಕಂಡು ಕಿರಿಯರು ಮಾತು ನುಂಗುವಲ್ಲಿ ಕೆಟ್ಟ ಸುದ್ದಿಯು ಕಾಲ ಮೀರಿದ ಮೇಲೆಯೇ ಮೇಲಕ್ಕೆ ತಲುಪುತ್ತದೆ. ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಎದುರಾಡುವುದು ಬೇರೆ, ಎಚ್ಚರಿಸುವುದು ಬೇರೆ. ವಿನಯವನ್ನು ಬಿಡದೆ, ವಿಷಯವನ್ನೂ ಬಿಡದೆ ಹೇಳುವುದನ್ನು ಅವರು ಕಲಿಯಬೇಕು. ಹಿರಿಯ ಸ್ಥಾನದಲ್ಲಿರುವವರು ತಮ್ಮ ಅಭಿಪ್ರಾಯವನ್ನು ಹೇಳುವ ಮುನ್ನ ಅತ್ಯಂತ ಕಿರಿಯನನ್ನು ಕೇಳಬೇಕು. ಅವನು ತಂದ ಅಪ್ರಿಯ ವಾರ್ತೆಗೆ ಸಿಡುಕಬಾರದು. ಮನೆಯಲ್ಲಿ ಮಗುವಿನ ಮಾತನ್ನು ಪೂರ್ತಿ ಕೇಳುವುದರಿಂದಲೇ ಈ ಅಭ್ಯಾಸ ಆರಂಭವಾಗಲಿ.