ಯುನಾನಿ: ಹೆಮ್ಮೆ ಸಾಲದು, ಹೊಣೆ ಬೇಕು

(ಅರಸೀಕೆರೆಯಲ್ಲಿ ನಡೆದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ನಮ್ಮ ಮನೆಗಳಲ್ಲಿ ಹಿರಿಯರು ಪರಸ್ಪರ ಭೇಟಿಯಾದಾಗ 'ಮಿಜಾಜ್ ಕೈಸಾ ಹೈ?' ಎಂದು ಕುಶಲ ವಿಚಾರಿಸುತ್ತಾರೆ. ಈ 'ಮಿಜಾಜ್' ವೈದ್ಯಕೀಯ ಪದವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಮತೋಲನವೇ ಆರೋಗ್ಯವೆಂದು ಪ್ರಾಚೀನ ಗ್ರೀಕ್ ವೈದ್ಯರು ನಂಬಿದ್ದರು. ಅವುಗಳ ಮಿಶ್ರಣದಿಂದ ಉಂಟಾಗುವ ದೇಹಪ್ರಕೃತಿಯನ್ನು ಅರಬರು ಮಿಜಾಜ್ ಎಂದು ಕರೆದರು. ಹಿಪ್ಪೊಕ್ರೆಟಿಸ್ ಬುಕ್ರಾತ್ ಆದರು, ಗ್ಯಾಲೆನ್ ಜಾಲಿನೂಸ್ ಆದರು. ಯುನಾನಿ ಎಂದರೆ ಗ್ರೀಸಿನದು ಎಂದೇ ಅರ್ಥ.

ಆದರೂ ಅದನ್ನು 'ಮುಸ್ಲಿಮರ ವೈದ್ಯ' ಎಂದು ಕೆಲವರು ಹೀಗಳೆಯುತ್ತಾರೆ, ನಮ್ಮವರೇ ಕೆಲವರು ಹಾಗೆಂದು ಬೀಗುತ್ತಾರೆ. ಎರಡೂ ಅಜ್ಞಾನವೇ. 9ನೇ ಶತಮಾನದ ಬಗ್ದಾದಿನಲ್ಲಿ ಜಾಲಿನೂಸರ ಗ್ರಂಥಗಳನ್ನು ಭಾಷಾಂತರಿಸಿದ ಹುನೈನ್ ಇಬ್ನು ಇಸ್‌ಹಾಕ್ ಕ್ರೈಸ್ತರಾಗಿದ್ದರು. ಒಂದೇ ಒಂದು ಹಸ್ತಪ್ರತಿಗಾಗಿ ಅವರು ಇರಾಕ್, ಸಿರಿಯ, ಫೆಲೆಸ್ತೀನ್‌ಗಳನ್ನು ಸುತ್ತಿ ಅಲೆಕ್ಸಾಂಡ್ರಿಯದವರೆಗೆ ಹೋದರು. ದೊರೆತದ್ದು ಡಮಾಸ್ಕಸ್‌ನಲ್ಲಿ, ಅದೂ ಸುಮಾರು ಅರ್ಧ ಭಾಗ ಮಾತ್ರ. ಮುಸ್ಲಿಮ್ ಖಲೀಫರು ಇಂತಹ ವಿದ್ವಾಂಸರ ಧರ್ಮವನ್ನಲ್ಲ, ಜ್ಞಾನವನ್ನು ನೋಡಿ ಆಶ್ರಯ ನೀಡಿದರು.

ಅವರು ಪಡೆದ ಜ್ಞಾನವನ್ನು ಪೂಜಿಸುತ್ತ ಕೂರಲಿಲ್ಲ. ಜಾಲಿನೂಸರ ಬಗ್ಗೆ ತಮಗಿದ್ದ ಸಂಶಯಗಳನ್ನೇ ಅರ್‍ರಾಝಿ ಒಂದು ಗ್ರಂಥವಾಗಿಸಿದರು. ರಕ್ತವು ಹೃದಯದ ನಡುಗೋಡೆಯ ರಂಧ್ರಗಳ ಮೂಲಕ ಹರಿಯುತ್ತದೆಂಬ ಜಾಲಿನೂಸರ ವಾದವನ್ನು 13ನೇ ಶತಮಾನದಲ್ಲಿ ಇಬ್ನುನ್ನಫೀಸ್ ಅಲ್ಲಗಳೆದು, ಅದು ಶ್ವಾಸಕೋಶದ ಮೂಲಕ ಸಾಗುತ್ತದೆಂದು ಬರೆದರು. ಇಲ್ಲಿ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನ ಚೆನ್ನಕೇಶವ ದೇಗುಲ ಎದ್ದಿತು. ಅದೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಇಬ್ನು ಸೀನಾರ 'ಅಲ್ ಕಾನೂನ್' ಲ್ಯಾಟಿನ್ ಭಾಷೆಗೆ ಬಂತು. ಯುರೋಪಿನ ವಿಶ್ವವಿದ್ಯಾಲಯಗಳು ಅದನ್ನು ಶತಮಾನಗಳ ಕಾಲ ಬೋಧಿಸಿದವು.

ನಮ್ಮ ದೇಶದಲ್ಲಿ ಹಕೀಮ್ ಅಜ್ಮಲ್ ಖಾನ್ ಈ ಪರಂಪರೆಯ ನಿಜವಾದ ವಾರಸುದಾರರು. 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ಅವರ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಯುನಾನಿ, ಆಯುರ್ವೇದ ಎರಡನ್ನೂ ಕಲಿಸಲಾಯಿತು. ಮೂಲಿಕೆಗಳನ್ನು ರಸಾಯನಶಾಸ್ತ್ರದ ಪರೀಕ್ಷೆಗೊಡ್ಡಬೇಕೆಂದು ಅವರು ಬಯಸಿದರು. ಅಲ್ಲಿ ಸಂಶೋಧನೆ ನಡೆಸಿದ ಸಲೀಮುಝ್ಝಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದಿಂದ ಬೇರ್ಪಡಿಸಿದ ವಸ್ತುವಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದ ದೋಷವೊಂದನ್ನು ಪತ್ತೆ ಹಚ್ಚಲು ವೈದ್ಯರು ಅದನ್ನು ಈಗಲೂ ಬಳಸುತ್ತಾರೆ.

ಇನ್ನು ನಮ್ಮ ಸ್ಥಿತಿಯೇನು? ನಮ್ಮ ಬಂಧುಗಳೊಬ್ಬರು, ನಲವತ್ತು ದಿನಗಳಲ್ಲಿ ಸಕ್ಕರೆ ಕಾಯಿಲೆ ಗುಣಪಡಿಸುವೆನೆಂದ ಒಬ್ಬಾತನ ಮಾತು ನಂಬಿ ಇನ್ಸುಲಿನ್ ನಿಲ್ಲಿಸಿದರು. ಆತ ಯಾವ ಕಾಲೇಜಿನಲ್ಲೂ ಓದಿದವನಲ್ಲ, 'ಹಕೀಮ್' ಎಂಬ ಫಲಕವಷ್ಟೇ ಇತ್ತು. ಕೊನೆಗೆ ಆಸ್ಪತ್ರೆಯಲ್ಲಿ ಅವರ ಕಾಲನ್ನೇ ಕತ್ತರಿಸಬೇಕಾಯಿತು. ಈ ವಂಚನೆಗೆ ಇಬ್ನು ಸೀನಾರ ಹೆಸರನ್ನು ಬಳಸುವುದು ಆ ಮಹನೀಯರಿಗೆ ಮಾಡುವ ಅವಮಾನವಲ್ಲವೇ?

ನಾವು ಮಾಡಬೇಕಾದ ಕೆಲಸಗಳಿವೆ. ಪದವಿ ಮತ್ತು ನೋಂದಣಿಯನ್ನು ವಿಚಾರಿಸದೆ ಯಾರ ಔಷಧಿಯನ್ನೂ ಸೇವಿಸಬಾರದು. ನಾಲ್ಕು ರಸಗಳ ಸಿದ್ಧಾಂತವು ಇತಿಹಾಸವೇ ಹೊರತು ಧಾರ್ಮಿಕ ನಂಬಿಕೆಯಲ್ಲ; ರಕ್ತಪರೀಕ್ಷೆ, ಲಸಿಕೆಗಳನ್ನು ತಿರಸ್ಕರಿಸಲು ಅದನ್ನು ನೆಪವಾಗಿಸಬಾರದು. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ನಮ್ಮ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಸಂಶೋಧಕರಾಗಿ ಅಂತಹ ಸಂಸ್ಥೆಗಳ ಮೆಟ್ಟಿಲೇರಬೇಕು. ಸರಕಾರವೂ ವೈದ್ಯ ಪದ್ಧತಿಗಳನ್ನು ಧರ್ಮದ ಕನ್ನಡಕದಿಂದ ನೋಡದೆ ಎಲ್ಲವನ್ನೂ ಒಂದೇ ಒರೆಗಲ್ಲಿಗೆ ಹಚ್ಚಬೇಕು.

ರೋಗ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಚಿಕಿತ್ಸೆ ಯಾವುದು, ಮೋಸ ಯಾವುದು ಎಂದು ಅರಿಯುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.