ದರೋಜಿಯ ಪಾಠ, ತಳುಕಿನ ಮೇಷ್ಟ್ರು



ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಘಟಿಕೋತ್ಸವಕ್ಕೆ ನುಡಿಹಬ್ಬವೆಂದೇ ಹೆಸರು. ಆ ಹಬ್ಬದ ವೇದಿಕೆ ಎರಡು ಬಗೆಯ ಕಲಿತವರನ್ನು ಕಂಡಿದೆ. ವರ್ಷಗಟ್ಟಲೆ ಅಕ್ಷರ ಗ್ರಂಥಾಲಯದಲ್ಲಿ ಕೂತು, ಅಡಿಟಿಪ್ಪಣಿ ತಿದ್ದಿ ತಿದ್ದಿ ಪಿಎಚ್.ಡಿ. ಮುಗಿಸಿದವರು ಒಂದು ಬಗೆ. ಶಾಲೆಯ ಮೆಟ್ಟಿಲು ಹತ್ತದೆ, ಹಾಡಿನಿಂದಲೇ ನಾಡೋಜ ಗೌರವಕ್ಕೆ ಏರಿದವರು ಇನ್ನೊಂದು ಬಗೆ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಎರಡನೆಯ ಬಗೆಯವರು. ಬುಡಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗಲೇ ತಂದೆಯಿಂದ ಬುರ್ರಕಥೆ ಕಲಿತರು. ಊರೂರು ತಿರುಗುತ್ತ, ರಾತ್ರಿಯಿಡೀ ಕಥೆ ಹೇಳುತ್ತ 12 ಜಾನಪದ ಮಹಾಕಾವ್ಯಗಳನ್ನು ನೆನಪಿನಲ್ಲಿ ಇಟ್ಟುಕೊಂಡರು. ಅವೆಲ್ಲವನ್ನೂ ಅಚ್ಚು ಹಾಕಿದರೆ 7,000 ಪುಟದಷ್ಟಾಗುತ್ತದೆ ಎನ್ನುತ್ತಾರೆ ಬಲ್ಲವರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಆಮೇಲೆ ಇದೇ ವಿಶ್ವವಿದ್ಯಾಲಯದ ನಾಡೋಜ. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು. ಈರಮ್ಮನ ಮೆಚ್ಚಿನ ವಿಷಯ ಯಾವುದು, ಆಕೆಯ ಮೇಷ್ಟ್ರು ಯಾರು ಎಂದು ಕೇಳಿದರೆ ಉತ್ತರ ಒಂದೇ ಉಸಿರಿನಲ್ಲಿ ಮುಗಿಯುತ್ತದೆ: ಕಥೆ, ಅಪ್ಪ. ಆ ಅಪ್ಪ ಮಗಳಿಗೆ ಬುದ್ಧಿವಾದ ಹೇಳಿದನೋ ಇಲ್ಲವೋ, ಅವಳ ಮುಂದೆ ಹಾಡಿದ್ದಂತೂ ಹೌದು.

ಶಾಲೆ ಕಾಲೇಜು ಕಂಡವರಿಗೆ ಇಷ್ಟು ಚೊಕ್ಕವಾಗಿ ಹೇಳಲು ಬರುವುದಿಲ್ಲ. ಮೆಚ್ಚಿನ ವಿಷಯ ಎಂದ ಕೂಡಲೇ ಕಣ್ಣು ಅಂಕಪಟ್ಟಿಯ ಕಡೆ ಓಡುತ್ತದೆ. ಮೆಚ್ಚಿನ ಮೇಷ್ಟ್ರು ಎಂದರೆ ‘ಸ್ಫೂರ್ತಿ ನೀಡಿದರು’ ಎಂಬ ಮಾತು ತಾನಾಗಿ ಬರುತ್ತದೆ. ಬೀಳ್ಕೊಡುಗೆ ಸಮಾರಂಭದ ಹಾರದಂತೆ ಅದು ಯಾರ ಕೊರಳಿಗೂ ಸರಿಹೋಗುತ್ತದೆ, ಆದ್ದರಿಂದಲೇ ಅದರಿಂದ ಏನೂ ತಿಳಿಯುವುದಿಲ್ಲ. ಆ ಮೇಷ್ಟ್ರು ನಿಜಕ್ಕೂ ಏನು ಮಾಡಿದರು? ದೊಡ್ಡವರ ಬದುಕಿನಲ್ಲಿ ಈ ಪ್ರಶ್ನೆ ಇಟ್ಟು ನೋಡಿದರೆ ಸಿಗುವ ಉತ್ತರಗಳು ಬಹಳ ಸಣ್ಣವು, ಬಹಳ ಸ್ಪಷ್ಟವಾದವು.

ಈ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ. ಅದರ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಬಡತನದಿಂದ ಅವರ ಓದು ನಡುವೆಯೇ ನಿಂತಿತ್ತು. ಸಾವಳಗಿ ಮಠದ ಸಿದ್ಧರಾಮ ಸ್ವಾಮೀಜಿ ಹೈಸ್ಕೂಲಿನ ಖರ್ಚು ವಹಿಸಿಕೊಂಡರು. ಹುಡುಗ ಮತ್ತೆ ಶಾಲೆಗೆ ಹೋದ. ಅದೇ ಹುಡುಗ ಮುಂದೆ ‘ಜೋಕುಮಾರಸ್ವಾಮಿ’ ಬರೆದ, ಜ್ಞಾನಪೀಠ ಪಡೆದ. ಆ ಸ್ವಾಮೀಜಿ ಯಾವ ಪಾಠವನ್ನೂ ಮಾಡಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆದರೆ ಆಗ ಆ ಹುಡುಗನಿಗೆ ಬೇಕಾಗಿದ್ದದ್ದು ಪಾಠವಲ್ಲ, ಪಾಠ ನಡೆಯುವ ಕೋಣೆಯ ಒಳಗೆ ಒಂದು ಜಾಗ.

ಇನ್ನು ಕುವೆಂಪು. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಪುಸ್ತಕವೊಂದು ಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಪದ್ಯ ತೋರಿಸಿದರು. ನಿನ್ನ ಭಾಷೆಯಲ್ಲಿ ಬರೆಯಬಾರದೇಕೆ ಎಂದು ಅವರು ಕೇಳಿದ್ದು ಕನ್ನಡ ಓದುವವರಿಗೆಲ್ಲ ಗೊತ್ತಿರುವ ಕಥೆ. ಕಥೆ ಅಲ್ಲಿಗೇ ಮುಗಿದಂತೆ ನಾವು ಹೇಳುತ್ತೇವೆ, ಅಲ್ಲೊಂದು ಮೋಸವಿದೆ. ಒಂದು ಸಂಜೆಯ ಮಾತಿನಿಂದ ದಾರಿಯ ದಿಕ್ಕು ತಿರುಗಬಹುದು. ದಾರಿಯುದ್ದಕ್ಕೂ ಜೊತೆಗೆ ನಡೆಯಲು ಇನ್ನೊಬ್ಬರು ಬೇಕು. ಅವರು ತಳುಕಿನ ವೆಂಕಣ್ಣಯ್ಯ, ಟಿ.ಎಸ್. ವೆಂಕಣ್ಣಯ್ಯ. ತಳುಕು ಇಲ್ಲಿಗೆ ದೂರದ ಊರಲ್ಲ. ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

ಬಿ.ಎ.ಯಲ್ಲಿ ಕುವೆಂಪು ಓದಿದ್ದು ತತ್ತ್ವಶಾಸ್ತ್ರ. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಮೊದಲ ಬಾರಿಗೆ ಶುರುವಾದಾಗ ಅವರನ್ನು ಅತ್ತ ತಿರುಗಿಸಿದವರು ವೆಂಕಣ್ಣಯ್ಯ. ಇನ್ನೂ ನಡೆದು ತೋರಿಸದ ಕೋರ್ಸು ಅದು. ಮುಂದೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಆಗಲೂ ಇದ್ದಿರಲೇಬೇಕು. ಮೇಷ್ಟ್ರು ಧೈರ್ಯ ಮಾಡಿ ಹೇಳಿದರು, ಶಿಷ್ಯ ನಂಬಿ ಸೇರಿದ. ವೆಂಕಣ್ಣಯ್ಯ 1939ರಲ್ಲಿ ತೀರಿಕೊಂಡರು. ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾಗಿ ಬಂದದ್ದು 1949ರಲ್ಲಿ, ಅದೇ ಗುರುವಿಗೆ ಅರ್ಪಣೆಯಾಗಿ. ಹತ್ತು ವರ್ಷ ತಡ. ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಲು ಮೇಷ್ಟ್ರು ಇರಲಿಲ್ಲ. ಸಭೆಯಲ್ಲಿ ಕೂತಿರುವ ಯಾರಾದರೂ ತಮ್ಮ ಹೈಸ್ಕೂಲು ಮೇಷ್ಟ್ರಿಗೆ ಈ ಸಂಜೆ ಫೋನು ಮಾಡುವುದಿದ್ದರೆ ಭಾಷಣ ಮುಗಿಯುವವರೆಗೂ ಕಾಯಬೇಕಿಲ್ಲ.

ಮೇಷ್ಟ್ರ ಮುಖವನ್ನೇ ನೋಡದೆ ಶಿಷ್ಯರಾದವರೂ ಉಂಟು. ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯ ಲೇಖಕ ಬೀಚಿಯವರಿಗೆ ಮೊದಲು ಕನ್ನಡವೆಂದರೆ ತಾತ್ಸಾರವಿತ್ತು. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಮನಸ್ಸು ತಿರುಗಿತು. ಹಾಗೆ ಒಂದು ಕಾದಂಬರಿಯೇ ಅವರಿಗೆ ಮೇಷ್ಟ್ರಾಯಿತು.

ಇಲ್ಲಿಯವರೆಗೆ ಬರೀ ಸಾಹಿತ್ಯವೇ ಆಯಿತಲ್ಲ ಎಂದು ವಿಜ್ಞಾನದ ಹುಡುಗರು ಗೊಣಗುತ್ತಿರಬಹುದು. ಅವರಿಗೆ ಎಚ್. ನರಸಿಂಹಯ್ಯ ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಕಾಲ್ನಡಿಗೆಯಲ್ಲೇ ಹೊರಟ. ದಾರಿ ಸುಮಾರು 80 ಕಿಲೋಮೀಟರು. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಮತ್ತೆ ನ್ಯಾಷನಲ್ ಕಾಲೇಜಿಗೇ ಪಾಠ ಹೇಳಲು ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ಗದ್ದಲಕ್ಕೂ ಸಿಕ್ಕಿದರು. ತರಗತಿಯಲ್ಲಿ ಭೌತಶಾಸ್ತ್ರ ಹೇಳುವವನು ಹೊರಗೆ ಬಂದ ಮೇಲೆ ಪ್ರಶ್ನೆ ಕೇಳುವುದನ್ನು ಬಿಡಬೇಕಿಲ್ಲ ಎಂದು ಮಾಡಿಯೇ ತೋರಿಸಿದವರು ಅವರು.

ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿಯಿತು, ಗೇಟು ಕೊಚ್ಚಿಹೋಯಿತು. ಬೆಳೆಯ ನೀರು ಹರಿದುಹೋಗುತ್ತಿದೆಯಲ್ಲ ಎಂದು ಅಚ್ಚುಕಟ್ಟಿನ ರೈತರು ಕಂಗಾಲಾದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನ ನಡುವೆಯೇ, ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದರು. ಒಂದು ಗೇಟು ಹೋದರೆ ಉಳಿದ ಗೇಟುಗಳನ್ನೂ ಏಕೆ ತೆರೆದರು? ಒಂದೇ ಹಲಗೆ ಇಳಿಸದೆ ತುಂಡು ತುಂಡಾಗಿ ಏಕೆ ಇಳಿಸಿದರು? ಎಲ್ಲಕ್ಕಿಂತ ಕೆಳಗಿನ ತುಂಡಿನ ಮೇಲೆಯೇ ಹೆಚ್ಚು ಒತ್ತಡ ಬೀಳುವುದು ಏಕೆ? ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಒತ್ತಡದ ಸೂತ್ರವಿದೆ, ಹೊಸಪೇಟೆಯ ಈ ಡ್ಯಾಮಿನ ಚಿತ್ರವಿಲ್ಲ. ಭೂಗೋಳದ ಪುಸ್ತಕದ ಪಾಡೂ ಅಷ್ಟೆ: ಕಬ್ಬಿಣದ ಅದಿರು ಎಂದ ಕಡೆ ಬಳ್ಳಾರಿ, ಸಂಡೂರು ಎಂದು ಅರ್ಧ ಸಾಲು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1895ರಷ್ಟು ಹಿಂದೆಯೇ ಬಳ್ಳಾರಿ ಜಿಲ್ಲೆಯ ಕಲ್ಲುಬಂಡೆಗಳ ಮೇಲೆ ಇಡೀ ಒಂದು ಗ್ರಂಥ ಬರೆದ. ಗಾದಿಗನೂರಿನ ಹುಡುಗರು ರೈಲುಗೇಟಿನ ಹತ್ತಿರ ನಿಂತು ಅದಿರು ತುಂಬಿದ ವ್ಯಾಗನ್ನುಗಳನ್ನು ಎಣಿಸುತ್ತಾರೆ. ಆ ಕೆಂಪು ಮಣ್ಣು ಎಲ್ಲಿಂದ ಬಂತು, ಎಷ್ಟು ಹಳೆಯದು ಎಂದು ಅವರಿಗೆ ಯಾರಾದರೂ ಹೇಳಬೇಡವೇ?

ಈ ಸಭೆಯಲ್ಲಿರುವ ಕೆಲವರಾದರೂ ಬಿ.ಇಡಿ. ಮುಗಿಸಿ, ಬಹುಶಃ ಅತಿಥಿ ಶಿಕ್ಷಕರಾಗಿ, ಕಂಪ್ಲಿ, ಸಂಡೂರು, ಗಾದಿಗನೂರಿನ ಆಸುಪಾಸಿನ ಶಾಲೆಗಳಿಗೆ ಹೋಗುವವರು. ಸಂಬಳ ತಡವಾಗಿ ಬರುತ್ತದೆ, ನೌಕರಿ ಮುಂದಿನ ಜೂನಿಗೆ ಇರುತ್ತದೆಂಬ ಭರವಸೆ ಇಲ್ಲ. ಅಂಥವರಿಗೆ ದೊಡ್ಡ ಉಪದೇಶ ಕೊಡುವುದು ಅನ್ಯಾಯ. ಸಣ್ಣದೊಂದು ಕೋರಿಕೆ ಇಡಬಹುದು: ಒತ್ತಡದ ಪಾಠ ಬಂದಾಗ ಮಕ್ಕಳನ್ನು ಒಂದು ದಿನ ಡ್ಯಾಮಿಗೆ ಕರೆದುಕೊಂಡು ಹೋಗಿ. ಜಾನಪದದ ಪಾಠ ಬಂದಾಗ ಊರಿನ ಹಾಡುವ ಅಜ್ಜಿಯೊಬ್ಬಳನ್ನು ತರಗತಿಗೆ ಕರೆಸಿ, ಅವಳಿಗೆ ಕುರ್ಚಿ ಕೊಡಿ, ನೀವು ಹಿಂದಿನ ಬೆಂಚಿನಲ್ಲಿ ಕೂರಿ. ಸಿಲೆಬಸ್ ಹಿಂದೆ ಬಿತ್ತೆಂದು ಹೆಡ್‌ಮಾಸ್ಟರು ಸಿಡುಕಿದರೆ ಒಂದೆರಡು ಶನಿವಾರ ಹೆಚ್ಚಿಗೆ ಪಾಠ ಮಾಡಿ ಸರಿದೂಗಿಸಿಕೊಳ್ಳಬಹುದು.