ಪರದೇಶದ ಸೈಕಲ್ ಸಾಮಾನಿಗೆ ಬೀಳುವ ಸುಂಕ
(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ನಿಜ. ಆದರೆ ಸುಂಕದವನ ಮುಂದೆ ಲೆಕ್ಕ ಹೇಳಿದರೆ ಕೆಲವು ವೇಳೆ ಪ್ರಯೋಜನವುಂಟು. ಆ ಲೆಕ್ಕವನ್ನು ಇವೊತ್ತು ನಿಮ್ಮ ಮುಂದೆ ಬಿಡಿಸಿಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಂಘದ ನಾಲ್ಕಾರು ಮಂದಿ ತಮ್ಮ ಸೈಕಲ್ಲುಗಳಿಗೆ ಪರದೇಶದಿಂದ ಸಾಮಾನು ತರಿಸಿ, ಸಾಮಾನಿನ ಬೆಲೆಗಿಂತ ಅದು ಬಂದ ದಾರಿಗೇ ಹೆಚ್ಚು ಹಣ ತೆತ್ತು ಕುಳಿತಿರುವುದೇ ಇದಕ್ಕೆ ಕಾರಣ.

ಸೈಕಲ್ಲಿನ ಸಾಮಾನಿಗೆ ಪರದೇಶದ ತನಕ ಏಕೆ ಹೋಗಬೇಕು ಎಂದು ಕೇಳುವವರು ಇದ್ದೀರಿ. ನ್ಯಾಯವಾದ ಪ್ರಶ್ನೆ. ನಮ್ಮ ದೇಶದ ಸಾಧಾರಣ ಸೈಕಲ್ಲು ಇಂಗ್ಲಿಷರ ಸೈಕಲ್ಲಿನ ಅಚ್ಚಿನಲ್ಲೇ ಎರಕವಾದದ್ದು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು, 1951ರಲ್ಲಿ ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಬಂದವು. ನಮ್ಮ ವರಳಿಯಲ್ಲೇ ಹಿಂದ್ ಸೈಕಲ್ಸ್ ಕಾರಖಾನೆಯಿತ್ತು. ಅದನ್ನು ಸರ್ಕಾರ 1980ರಲ್ಲಿ ಕಾಯಿದೆ ಮಾಡಿ ರಾಷ್ಟ್ರೀಕರಿಸಿತು, ಈಗ ಅದರ ಹೆಸರು ಹಳಬರ ಬಾಯಲ್ಲಿ ಮಾತ್ರ ಉಳಿದಿದೆ. ಕಾಟರ್ ಪಿನ್ನು, ಸಲಾಕೆ ಬ್ರೇಕು, 28 ಇಂಚಿನ ಟೈರು, ಪೆಡಲು, ಚೈನು, ಇವೆಲ್ಲ ಲೂಧಿಯಾನದಲ್ಲಿ ತಯಾರಾಗಿ ಕಾಳಬಾದೇವಿಯ ಅಂಗಡಿಯಲ್ಲಿ ಸಿಗುತ್ತವೆ. ಇವಕ್ಕಾಗಿ ಹೊರದೇಶಕ್ಕೆ ಹಣ ಕಳಿಸುವವನಿಗೆ ನಾನು ಹೇಳುವ ಬುದ್ಧಿ ಏನೂ ಇಲ್ಲ.

ಆದರೆ ನಮ್ಮವರಲ್ಲಿ ಕೆಲವರ ಹತ್ತಿರ ತಂದೆಯ ಕಾಲದ ರ‍್ಯಾಲಿ ಸೈಕಲ್ಲುಗಳಿವೆ. ಲಾಲಬಾಗ, ಪರೇಲುಗಳ ಗಿರಣಿಯಲ್ಲಿ ದುಡಿದವರು ಬೋನಸ್ಸಿನ ಹಣದಲ್ಲಿ ಕೊಂಡದ್ದು. 1982ರ ಮುಷ್ಕರದ ನಂತರ ಗಿರಣಿಯ ಬಾಗಿಲು ಮುಚ್ಚಿದ ಮೇಲೆ ಅದರ ಮೇಲೆಯೇ ಪಾವು ಹೇರಿ, ಇಡ್ಲಿ ಹೇರಿ ಸಂಸಾರ ಸಾಗಿಸಿದವರೂ ಇದ್ದಾರೆ. ಈ ಸೈಕಲ್ಲುಗಳಲ್ಲಿ ಎರಡು ತೊಡಕುಗಳಿವೆ. ಪೆಡಲಿನ ಅಚ್ಚು ಕೂರುವ ಬಟ್ಟಲಿಗೆ ಬೇರೆ ಕಂಪನಿಗಳು ಇಂಚಿಗೆ 24 ಸುತ್ತಿನ ಮರೆ ಕೊರೆದರೆ, ರ‍್ಯಾಲಿಯವರು ತಮ್ಮ ಬಹುಪಾಲು ಸೈಕಲ್ಲುಗಳಿಗೆ 26 ಸುತ್ತು ಕೊರೆದರು. ಲೂಧಿಯಾನದ ಬಟ್ಟಲನ್ನು ಅದಕ್ಕೆ ಬಲವಂತವಾಗಿ ತಿರುವಿದರೆ ಚೌಕಟ್ಟೇ ಹಾಳು. ಎರಡನೆಯದು ಹಿಂಗಾಲಿಯೊಳಗಿನ ಮೂರು ಗೇರಿನ ಹಬ್ಬು, ಸ್ಟರ್ಮಿ ಆರ್ಚರ್. ಏರಿನಲ್ಲಿ ಮೊದಲ ಗೇರು ಹಾಕಿದರೆ ಕಾಲಿನ ಭಾರ ಕಾಲುಭಾಗ ಇಳಿಯುತ್ತದೆ. ಐವತ್ತು ಕಿಲೋ ಹೇರಿಕೊಂಡು ಸೇತುವೆ ಹತ್ತುವವನಿಗೆ ಇದು ಷೋಕಿಯಲ್ಲ, ಮೊಣಕಾಲಿನ ಪ್ರಶ್ನೆ. 1902ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಆ ಕಂಪನಿ 2000ದಲ್ಲಿ ಮುಳುಗಿ, ಥೈವಾನಿನ ಸನ್‌ರೇಸ್ ಎಂಬುವರ ಕೈಸೇರಿತು. ಈಗ ಅದರ ಸಾಮಾನು ತಯಾರಾಗುವುದು ಥೈವಾನಿನಲ್ಲಿ. ಕೊಳ್ಳಬೇಕಾದರೆ ಅಲ್ಲಿಂದಲೋ ಇಂಗ್ಲೆಂಡಿನ ಅಂಗಡಿಯಿಂದಲೋ ತರಿಸಬೇಕು.

ಒಂದು ಕಾಲಕ್ಕೆ ಇಂಥ ಸಾಮಾನಿಗೆ ಸರ್ಕಾರದ ಪರವಾನಗಿ ಬೇಕಾಗಿತ್ತು. ಪರವಾನಗಿ ದೊಡ್ಡ ವ್ಯಾಪಾರಿಗಳಿಗಷ್ಟೆ ಸಿಗುತ್ತಿತ್ತು. ಬಳಕೆಯ ವಸ್ತುಗಳ ಮೇಲೆ ಉಳಿದಿದ್ದ ಆ ನಿರ್ಬಂಧ 2001ರ ಏಪ್ರಿಲ್ 1ರಂದು ತೊಲಗಿತು. ಈಗ ಮೊಬೈಲಿನಲ್ಲಿ ಬೆರಳೊತ್ತಿ ಯಾರೂ ತರಿಸಬಹುದು. ಬಾಗಿಲು ತೆರೆದಿದೆ, ಆದರೆ ಬಾಗಿಲಲ್ಲಿ ಸುಂಕದ ಕಟ್ಟೆ ಇದೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಸದಸ್ಯರೊಬ್ಬರು, ಹೋಟೆಲಿನಲ್ಲಿ ಕೆಲಸಕ್ಕಿರುವವರು, 2024ರಲ್ಲಿ ಹಬ್ಬಿನ ಒಳಸಾಮಾನು ತರಿಸಿದರು. ಸಾಮಾನಿನ ಬೆಲೆ 2,000 ರೂಪಾಯಿ, ವಿಮಾನದಲ್ಲಿ ಬರುವ ಸಾಗಾಟ 1,500 ರೂಪಾಯಿ. ಒಟ್ಟು ಮೂರೂವರೆ ಸಾವಿರವೆಂದು ಇವರ ಎಣಿಕೆ. ಪೊಟ್ಟಣ ಬಂದ ದಿನ ಕೊರಿಯರಿನವರು ಇನ್ನೂ 2,722 ರೂಪಾಯಿ ಸುಂಕವೆಂದು ಕೇಳಿದರು. ಅದರ ಮೇಲೆ ತಮ್ಮ ಕೂಲಿ ಬೇರೆ. ಕಂಪನಿಯ ಹೆಸರು ಇಲ್ಲಿ ಬೇಡ.

ಸುಂಕ ಬೀಳುವುದು ಸಾಮಾನಿನ ಬೆಲೆಯ ಮೇಲೆ ಮಾತ್ರವಲ್ಲ. ಬೆಲೆ, ವಿಮೆ, ಸಾಗಾಟ, ಮೂರೂ ಕೂಡಿದ ಮೊತ್ತದ ಮೇಲೆ. ಅಂದರೆ ವಿಮಾನಕ್ಕೆ ಕೊಟ್ಟ ಬಾಡಿಗೆಗೂ ಸುಂಕ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಬೆಲೆಯ ನೂರಕ್ಕೆ 1.125 ಎಂದು ಹಿಡಿಯುತ್ತಾರೆ; ಇಲ್ಲಿ 22 ರೂಪಾಯಿ 50 ಪೈಸೆ. ಸ್ವಂತ ಉಪಯೋಗಕ್ಕೆ ತರಿಸಿದ ವಸ್ತುವಿಗೆ ಆಗ ಮೂಲ ಸುಂಕ ನೂರಕ್ಕೆ 35. ಆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣದ ಮೇಲ್ತೆರಿಗೆ, 2018ರಲ್ಲಿ ಬಂದದ್ದು. ಇವೆರಡನ್ನೂ ಕೂಡಿಸಿದ ಮೇಲೆ, ಆ ಕೂಡಿದ ಮೊತ್ತದ ಮೇಲೆ ಜಿ.ಎಸ್.ಟಿ. ನೂರಕ್ಕೆ 28. ತೆರಿಗೆಯ ಮೇಲೆ ತೆರಿಗೆ ಎನ್ನುವುದು ಇದಕ್ಕೇ. ಒಟ್ಟು ನೂರಕ್ಕೆ 77.28 ಆಗುತ್ತದೆ. 3,522 ರೂಪಾಯಿ 50 ಪೈಸೆಗೆ ಇದನ್ನು ಹಾಕಿದರೆ ಅವರು ಕೇಳಿದ 2,722 ಸರಿಯಾಗಿಯೇ ಬರುತ್ತದೆ.

ಆದರೆ ಇಲ್ಲಿಯೇ ಒಂದು ಮಾತಿದೆ, ದಯವಿಟ್ಟು ಬರೆದುಕೊಳ್ಳಿ. 2007ರ ಸುಂಕ ಮೌಲ್ಯ ನಿರ್ಣಯ ನಿಯಮಗಳ 10ನೆಯ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ಸಾಮಾನಿಗೆ ಸಾಗಾಟದ ಖರ್ಚು ಎಷ್ಟೇ ಆಗಿರಲಿ, ಸುಂಕದ ಲೆಕ್ಕಕ್ಕೆ ಅದು ಸಾಮಾನಿನ ಬೆಲೆಯ ನೂರಕ್ಕೆ 20ನ್ನು ಮೀರಕೂಡದು. ಎರಡು ಸಾವಿರದ ಸಾಮಾನಿಗೆ ಲೆಕ್ಕಕ್ಕೆ ಹಿಡಿಯಬೇಕಾದ ಸಾಗಾಟ 400 ರೂಪಾಯಿ, 1,500 ಅಲ್ಲ. ಆಗ ಮೌಲ್ಯ 2,422 ರೂಪಾಯಿ 50 ಪೈಸೆ. ಸುಂಕ 1,872 ರೂಪಾಯಿ. ಅಂದರೆ ನಮ್ಮ ಸದಸ್ಯರು 850 ರೂಪಾಯಿ ಹೆಚ್ಚು ಕೊಟ್ಟಿದ್ದರು. ಯಾರೂ ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಕೇಳುವವರಿಲ್ಲದ ಕಡೆ ಪೂರ್ತಿ ಬಾಡಿಗೆಯನ್ನು ಕೂಡಿಸಿಬಿಡುವುದು ಸುಲಭ. ಸಾಮಾನಿನ ಬೆಲೆಯನ್ನೂ ಸಾಗಾಟವನ್ನೂ ಬೇರೆ ಬೇರೆಯಾಗಿ ಕಾಣಿಸಿದ ಬಿಲ್ಲನ್ನು ಅಂಗಡಿಯವನಿಂದ ಪಡೆದು, ಸಾಮಾನು ಬಿಡುಗಡೆಯಾಗುವುದಕ್ಕೆ ಮುಂಚೆಯೇ ಕೊರಿಯರಿನವರಿಗೆ ಕಳಿಸಿ ಈ ನಿಯಮವನ್ನು ನೆನಪಿಸಬೇಕು. ಹಣ ಕಟ್ಟಿಯಾದ ಮೇಲೆ ಹಿಂದಕ್ಕೆ ಪಡೆಯುವುದು ಎಮ್ಮೆಯನ್ನು ಬಾವಿಯಿಂದ ಎತ್ತಿದಷ್ಟೇ ಕಷ್ಟ.

ದರಗಳು ಆಮೇಲೆ ಇಳಿದಿವೆ. ಸೈಕಲ್ಲಿಗೂ ಅದರ ಬಿಡಿಭಾಗಗಳಿಗೂ ಇದ್ದ ನೂರಕ್ಕೆ 12ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಸ್ವಂತ ಉಪಯೋಗದ ವಸ್ತುಗಳ ಮೂಲ ಸುಂಕವನ್ನು 20ರಿಂದ 10ಕ್ಕೆ ಇಳಿಸುವುದಾಗಿ 2026ರ ಬಜೆಟ್ ಭಾಷಣದಲ್ಲಿ ಹೇಳಿದರು. ಆದುದರಿಂದ ತರಿಸುವ ದಿನದ ದರವನ್ನು ಕೇಳಿ ತಿಳಿದುಕೊಂಡೇ ಲೆಕ್ಕ ಹಾಕಿ. ಲೆಕ್ಕದ ದಾರಿ ಮಾತ್ರ ನಾನು ಹೇಳಿದ್ದೇ.

ವ್ಯಾಪಾರಿ ಬಿಡಿಭಾಗವೆಂದೇ ತರಿಸಿದರೆ ದರ ಬೇರೆ. 2012ರ ಬಜೆಟ್ಟಿನಲ್ಲಿ ಬಿಡಿಭಾಗಗಳ ಮೂಲ ಸುಂಕ 10ರಿಂದ 20ಕ್ಕೆ ಏರಿತು. ಆ 20ರ ಮೇಲೆ ಹಳೆಯ 12ರ ಜಿ.ಎಸ್.ಟಿ. ಕೂಡಿಸಿದರೂ ಒಟ್ಟು ನೂರಕ್ಕೆ 36.64 ಮಾತ್ರ. ನಮ್ಮಂಥವನು ಒಂದೇ ಒಂದು ತರಿಸಿ 77 ಕೊಟ್ಟ ಕಾಲದಲ್ಲಿ, ನೂರು ತರಿಸಿದವನು ಅದರ ಅರ್ಧವನ್ನೂ ಕೊಡಲಿಲ್ಲ! ಇದು ಸರಿಯೆಂದು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಇದರಲ್ಲೇ ಒಂದು ದಾರಿಯೂ ಇದೆ. ಹತ್ತು ಮಂದಿಗೆ ಒಂದೇ ಸಾಮಾನು ಬೇಕಾಗಿದ್ದರೆ, ಆಮದಿನ ಪರವಾನಗಿ ಸಂಖ್ಯೆ ಉಳ್ಳ ಅಂಗಡಿಯವನ ಹತ್ತಿರ ಕೂಡಿಯೇ ಹೋಗಿ, ತರಿಸಿಕೊಡು ಎಂದು ಕೇಳಬಹುದು. ಹತ್ತು ಮಂದಿಯ ಸಾಮಾನನ್ನು ಒಬ್ಬನ ಹೆಸರಿನಲ್ಲಿ ‘ಸ್ವಂತಕ್ಕೆ’ ಎಂದು ತರಿಸಬೇಡಿ. ಅಧಿಕಾರಿ ಅದನ್ನು ವ್ಯಾಪಾರವೆಂದು ತಡೆದರೆ ಉತ್ತರವಿರುವುದಿಲ್ಲ.

ಸಾಗಾಟದ ವಿಷಯದಲ್ಲಿ ಒಂದು ಎಚ್ಚರಿಕೆ. ವಿಮಾನದ ಕೊರಿಯರಿನವರು ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ನಿಜವಾದ ತೂಕಕ್ಕಿಂತ ಇದು ಹೆಚ್ಚಾದರೆ ಬಾಡಿಗೆ ಇದರ ಮೇಲೆ. 70 ಸೆಂಟಿಮೀಟರ್ ಚೌಕದ, 10 ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯಲ್ಲಿ ಒಂದು ರಿಮ್ಮು ಬಂದರೆ ಅದರ ಲೆಕ್ಕದ ತೂಕ 9.8 ಕಿಲೋ. ಒಳಗಿರುವುದು ಹೆಚ್ಚಿನಂಶ ಗಾಳಿ; ಗಾಳಿಗೂ ಬಾಡಿಗೆ. ರಿಮ್ಮು, ಮಡ್‌ಗಾರ್ಡು ಇತ್ಯಾದಿಗಳನ್ನು ಇಲ್ಲಿಯೇ ಕೊಳ್ಳಿ. ಅಂಚೆಯ ಪಾರ್ಸೆಲ್ ನಿಧಾನ, ಆದರೆ ಸಣ್ಣ ಸಾಮಾನಿಗೆ ಸಾಮಾನ್ಯವಾಗಿ ಅಗ್ಗ. ಬಲ್ಲಾರ್ಡ್ ಎಸ್ಟೇಟಿನ ವಿದೇಶ ಅಂಚೆ ಕಚೇರಿಯಲ್ಲಿ ಸುಂಕ ಕಟ್ಟಿ ಹಾಕಿ, ಪೋಸ್ಟ್‌ಮ್ಯಾನ್ ಮನೆಗೆ ತಂದಾಗ ಹಣ ತೆಗೆದುಕೊಳ್ಳುತ್ತಾನೆ. ಇಂಗ್ಲೆಂಡಿನ ಅಂಗಡಿಯಿಂದ ಕೊಳ್ಳುವವರು ಅಲ್ಲಿನ ನೂರಕ್ಕೆ 20ರ ತೆರಿಗೆಯನ್ನು ಬಿಲ್ಲಿನಿಂದ ಕಳೆದಿದ್ದಾರೆಯೇ ನೋಡಿ. ಹೊರದೇಶಕ್ಕೆ ಹೋಗುವ ಸಾಮಾನಿಗೆ ಅದು ಸಲ್ಲದು. ಬ್ರಿಟನ್ನಿನೊಡನೆ 2025ರ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿಯಾಯಿತಲ್ಲ, ಸುಂಕ ಹೋಗಲಿಲ್ಲವೆ ಎಂದು ಒಬ್ಬರು ಕೇಳಿದ್ದರು. ಇಂಥ ಒಪ್ಪಂದದ ರಿಯಾಯತಿ ಆ ದೇಶದಲ್ಲಿ ತಯಾರಾದ ಸಾಮಾನಿಗೆ. ಥೈವಾನಿನಲ್ಲಿ ತಯಾರಾಗಿ ಲಂಡನ್ನಿನ ಅಂಗಡಿಯಲ್ಲಿ ಕೂತ ಹಬ್ಬಿಗೆ ಅದರಿಂದೇನೂ ಲಾಭವಿಲ್ಲ.

ನಮ್ಮ ಕರಾವಳಿಯವರ ಮನೆಮನೆಯಲ್ಲೂ ಕೊಲ್ಲಿ ದೇಶದಲ್ಲಿ ಒಬ್ಬನಿದ್ದಾನೆ. ಭಾವನಿಂದ ‘ಉಡುಗೊರೆ’ ಎಂದು ಬರೆಯಿಸಿ ಪೊಟ್ಟಣ ಕಳಿಸಿದರೆ ಸುಂಕವಿಲ್ಲವೆಂಬ ಮಾತು ಈಗಲೂ ಹೋಟೆಲುಗಳಲ್ಲಿ ಓಡಾಡುತ್ತಿದೆ. ಅದು ಹಳೆಯ ಮಾತು. 2019ರ ಡಿಸೆಂಬರ್ 12ರ ಪ್ರಕಟಣೆಯಿಂದ, ಜೀವರಕ್ಷಕ ಔಷಧಿ ಮತ್ತು ರಾಖಿಯ ಹೊರತು, ಅಂಚೆ ಅಥವಾ ಕೊರಿಯರಿನಲ್ಲಿ ಉಡುಗೊರೆಯೆಂದು ಸುಂಕವಿಲ್ಲದೆ ಬಿಡಿಸುವುದು ನಿಂತಿದೆ. ಬೆಲೆ ಕಡಿಮೆ ಬರೆಯಿಸುವುದು ಇನ್ನೂ ಅಪಾಯ. 1962ರ ಕಾಯಿದೆಯಂತೆ ಸಾಮಾನು ಮುಟ್ಟುಗೋಲಾಗಬಹುದು, ದಂಡವೂ ಬೀಳಬಹುದು. ಸರಿಯಾದ ದಾರಿ ಇನ್ನೊಂದಿದೆ: ಭಾವ ಊರಿಗೆ ಬರುವಾಗ ತನ್ನ ಪೆಟ್ಟಿಗೆಯಲ್ಲೇ ತರಲಿ. 2016ರ ಬ್ಯಾಗೇಜ್ ನಿಯಮ 50,000 ರೂಪಾಯಿಯ ತನಕ ಪ್ರಯಾಣಿಕನಿಗೆ ಸುಂಕವಿಲ್ಲದೆ ಬಿಟ್ಟಿತ್ತು. ಆ ಮಿತಿ ಈಚೆಗೆ ಮೇಲಕ್ಕೇ ಹೋಗಿದೆ. ಒಂದು ಹಬ್ಬು ಒಂದೂವರೆ ಕಿಲೋ ಕೂಡ ಇಲ್ಲ. ಬಿಲ್ಲನ್ನು ಜೊತೆಗೆ ಇಟ್ಟುಕೊಳ್ಳಲಿ, ಅಷ್ಟೆ.

ಕೊನೆಗೆ, ಸುಂಕಕ್ಕಿಂತ ದೊಡ್ಡ ಹೊಡೆತದ ಮಾತು. ‘ನಿಮ್ಮ ಪೊಟ್ಟಣ ಸಹಾರದ ಸುಂಕದ ಕಚೇರಿಯಲ್ಲಿ ಸಿಕ್ಕಿದೆ, ಅದರಲ್ಲಿ ಕಾನೂನುಬಾಹಿರ ಸಾಮಾನಿದೆ, ಈಗಲೇ ಹಣ ಕಳಿಸದಿದ್ದರೆ ಬಂಧಿಸುತ್ತೇವೆ’ ಎಂದು ಫೋನು ಬರುತ್ತದೆ. ನಿಜವಾಗಿ ಏನನ್ನೋ ತರಿಸಿ ದಾರಿ ಕಾಯುತ್ತಿರುವವನು ಇದನ್ನು ಬೇಗ ನಂಬುತ್ತಾನೆ. ಊರಿಗೆ ಕಳಿಸಲೆಂದು ಕೂಡಿಟ್ಟ ಹಣ ಒಂದು ಗಂಟೆಯಲ್ಲಿ ಹೋಗುತ್ತದೆ. ಸುಂಕದ ಇಲಾಖೆ ಯಾರದೋ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ, ಫೋನಿನಲ್ಲಿ ಬಂಧಿಸುವುದೂ ಇಲ್ಲ. 2019ರ ನವೆಂಬರಿನಿಂದ ಆ ಇಲಾಖೆಯ ಪತ್ರಗಳ ಮೇಲೆ ಡಿ.ಐ.ಎನ್. ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದು ಖರೆಯೇ ಎಂದು ಇಲಾಖೆಯ ತಾಣದಲ್ಲಿ ನೋಡಬಹುದು. ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೊಂಡು ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು. ಬಿಲ್ಲು, ಕೊರಿಯರಿನ ಚೀಟಿ ಇರುವವರು ಈಗ ತೆಗೆಯಿರಿ, ಒಂದೊಂದಾಗಿ ಲೆಕ್ಕ ನೋಡೋಣ.